ಪಂಪಿನ ಪಾಳಿ

ಬೆಂಗಳೂರಿನ ಸುತ್ತ ಇನ್ನೂ ಸೇಬು ಬೆಳೆಯುತ್ತಿದ್ದ ಕಾಲ. ಶಿವಾಜಿನಗರದಲ್ಲಿ ಹಲಸೂರಿನ ಬಸ್ಸಿಗೆ ಕಾಯುತ್ತಿದ್ದ ವೇದಾಗೆ, ಪಕ್ಕದಲ್ಲಿ ನಿಂತ ಇಬ್ಬರು ಸೇಬಿನ ತೋಟದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರ ನಡುವೆ, ಕಾಲಲ್ಲಿ ತುಳಿದು ಔಷಧಿ ಹೊಡೆಯುವ ಪಂಪು ಇತ್ತು.

“ಹೂ ಬಿಟ್ಟಿರೋವಾಗ ಔಷ್ದಿ ಹೊಡೆದ್ರೆ ನನ್ನ ಜೇನು ಒಂದೂ ಉಳಿಯಲ್ಲ, ಹಬೀಬ್ ಸಾಬ್ರೇ. ಹೂವೆಲ್ಲ ಉದುರ್ಲಿ, ಹತ್ತು ದಿನ ತಡೀರಿ.”

“ಸೊಸೈಟೀಲಿರೋದು ಇದೊಂದೇ ಪಂಪು, ವೆಂಕಟಾಚಲಪ್ಪನೋರೇ. ನಾಳೆ ಸಂಜೆ ವಾಪಸ್ ಕೊಡ್ಬೇಕು. ಮತ್ತೆ ನನ್ನ ಪಾಳಿ ಬರೋದು ಮುಂದಿನ ತಿಂಗಳು.”

“ಮೊಗ್ಗು ಒಡೆಯೋಕೆ ಮುಂಚೆ ಹೊಡೀಬೇಕಿತ್ತು.”

“ಆಗ ಪಂಪು ನಿಮ್ಮ ಮನೇಲಿತ್ತು.”



“ಜೇನು ಸತ್ರೆ ನಿಮ್ಮ ಗಿಡದಲ್ಲೂ ಕಾಯಿ ಕಚ್ಚಲ್ಲ.”

“ಕೊಂಬೆ ತುಂಬಾ ಬಿಳಿ ಹೇನು. ಬಿಟ್ರೆ ಗಿಡಾನೇ ಇರಲ್ಲ. ಆಮೇಲೆ ಆ ಹೇನು ನಿಮ್ಮ ಬೇಲಿ ದಾಟಲ್ವಾ?”

“ದಾಟತ್ತೆ.”

“ಮತ್ತೆ?”

“ನಾಳೆ ಪಂಪು ತುಳಿಯೋಕೆ ಯಾರನ್ನ ಕರೆದಿದ್ದೀರಿ?”

“ಯಾರೂ ಸಿಕ್ಕಿಲ್ಲ.”

ಕೃಷ್ಣರಾಜಪುರದ ಬಸ್ಸು ಬಂತು. ಹಬೀಬ್ ಸಾಬರೊಬ್ಬರಿಂದ ಪಂಪು ಮೇಲೇಳಲಿಲ್ಲ. ವೆಂಕಟಾಚಲಪ್ಪ ಬಗ್ಗಿ ಇನ್ನೊಂದು ಕಡೆ ಹಿಡಿದರು.

“ಎಷ್ಟೊತ್ತಿಗೆ ಬರ್ಲಿ?” ಎಂದು ಅವರು ಮೆಟ್ಟಿಲು ಹತ್ತುತ್ತ ಕೇಳಿದ್ದು ವೇದಾಗೆ ಕೇಳಿಸಿತು.