ಹಿಮದ ಬೆಟ್ಟಕ್ಕಿಂತ ಎತ್ತರದ ಕೋಳಿಗುಡ್ಡ

ಕೂತ್ಕೊಳ್ರಪ್ಪ, ಕೂತ್ಕೊಳ್ರವ್ವ. ಹೂಂಗುಟ್ಟೋರಿದ್ರೆ ಕಥೆ ಹೇಳ್ತೀನಿ, ಇಲ್ದಿದ್ರೆ ಮಲಗ್ತೀನಿ. ಒಂದು ದೇಶ. ಹೆಸರು ಕೇಳಬೇಡಿ, ನಂಗೂ ಗೊತ್ತಿಲ್ಲ. ಎಷ್ಟು ದೊಡ್ಡದು ಅಂದ್ರೆ, ಆಳೋ ರಾಜನೇ ಅದರ ಅಂಚು ಕಂಡಿರಲಿಲ್ಲ. ಅಲ್ಲೊಬ್ಬ ಕುಂಬಾರ, ಬೊಗ್ಗಪ್ಪ ಅಂತ. ನಮ್ಮ ವಂಶದ ಹಿರೀಕ. ನನ್ನ ಬುದ್ಧಿ ಯಾಕೆ ಹಿಂಗೆ ಅಂತ ಕೇಳ್ತಿದ್ರಲ್ಲ, ಈಗ ತಿಳಿಯುತ್ತೆ.

ಬೊಗ್ಗಪ್ಪನ ಊರು ಕೋಳಿಗುಡ್ಡದ ಮೇಲೆ. ಊರಲ್ಲಿ ತೊಟ್ಟು ನೀರಿಲ್ಲ. ಹೆಂಡ್ತಿ ಮಾಳವ್ವ ದಿನಾ ಹಳ್ಳಕ್ಕಿಳಿದು ಮೂರು ಕೊಡ ಹೊತ್ತು ಹತ್ತಬೇಕು. "ಮಂಡಿ ನೋವು" ಅಂದ್ರೆ ಇವನು, "ಕೋಳಿ ಹಾರೋ ಗುಡ್ಡ, ಅದೇನು ಎತ್ತರ?" ಅಂತಿದ್ದ.

ರಾಜ ಡಂಗುರ ಹೊಡೆಸಿದ: "ನನ್ನ ದೇಶಾನ ಮಣ್ಣಲ್ಲಿ ಮಾಡಿ ಅರಮನೆ ಅಂಗಳದಲ್ಲಿಡಿ. ಮೇಲೆ ನೀರು ಹುಯ್ತೀನಿ. ನಿಂತ ಕಡೆಯೆಲ್ಲಾ ಕೆರೆ ಕಟ್ಟಿಸ್ತೀನಿ."

"ಕೆರೆ ತರದೆ ಮನೆಗೆ ಬರಬೇಡ" ಅಂದ್ಲು ಮಾಳವ್ವ.

ಬೊಗ್ಗಪ್ಪ ಹೊರಟ. ಬಡಗಲಿಗೆ ಹೋದ, ಹಿಮದ ಬೆಟ್ಟ ಕಂಡ, ಗಡಗಡ ನಡುಗಿದ, ಒಂದು ಮೂಟೆ ಮಣ್ಣು ಹೊತ್ತು ತಂದ. ಪಡುವಲಿಗೆ ಹೋದ, ಮರಳುಗಾಡು ಕಂಡ, ಬೆಂದುಹೋದ, ಒಂದು ಮೂಟೆ ಮಣ್ಣು ಹೊತ್ತು ತಂದ. ತೆಂಕಲಿಗೆ ಹೋದ, ಕಡಲು ಕಂಡ, ಕುಡಿದು ಕಕ್ಕಿದ, ಒಂದು ಮೂಟೆ ಮಣ್ಣು ಹೊತ್ತು ತಂದ. ಮೂಟೆ ಹೊರೋಕೆ ಬರುತ್ತೆ, ಕೊಡ ಹೊರೋಕೆ ಬರಲ್ಲ. ಗಂಡಸರಲ್ವಾ ನಾವು.

ಅರಮನೆ ಅಂಗಳದಲ್ಲಿ ದೇಶದ ಬೊಂಬೆ ಮಾಡೋಕೆ ಕೂತ. ಹಿಮದ ಬೆಟ್ಟ ಮೊಣಕಾಲೆತ್ತರ ನಿಲ್ಲಿಸಿ ನೆತ್ತಿಗೆ ಸುಣ್ಣ ಬಳಿದ. ಅದರ ಕೆಳಗೆ ಹೊಳೆ ಹಾಸಿದ ಬಯಲನ್ನ ರೊಟ್ಟಿ ತಟ್ಟಿದಂಗೆ ತಟ್ಟಿದ. ಪಕ್ಕದಲ್ಲಿ ಮರಳು ಚೆಲ್ಲಿದ. ನಡುವೆ ಮಣೆಯಂಥಾ ಕಲ್ಲುಸೀಮೆ, ಎರಡು ಮಗ್ಗುಲಿಗೂ ಘಟ್ಟದ ಸಾಲು, ಆಚೆ ಕಡಲು. ಏನಂದ್ರೂ ಕೈ ಚೆನ್ನಾಗಿತ್ತು. ಉಳಿದಿದ್ದು ಕೋಳಿಗುಡ್ಡ ಒಂದೇ.

"ಕಡಲೆಕಾಳಷ್ಟಿಡು ಸಾಕು, ಪಕ್ಕದ ತಗ್ಗಲ್ಲಿ ನೀರು ನಿಲ್ಲುತ್ತೆ" ಅಂದ್ಲು ಬುತ್ತಿ ತಂದಿದ್ದ ಮಾಳವ್ವ.

"ಕಡಲೆಕಾಳಾ? ದೇಶ ಸುತ್ತಿದೋನ ಊರು ಕಣೇ ಇದು."

ನಿಂಬೆಹಣ್ಣಷ್ಟು ಮಾಡಿದ, ಸಾಲಲಿಲ್ಲ. ತೆಂಗಿನಕಾಯಷ್ಟು ಮಾಡಿದ, ಸಾಲಲಿಲ್ಲ. ಕೊನೆಗೆ ಹಿಮದ ಬೆಟ್ಟಕ್ಕಿಂತ ಒಂದು ಗೇಣು ಎತ್ತರ ಎಬ್ಬಿಸಿದ. ತಗ್ಗು ಮುಚ್ಚೇಹೋಯ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ಕೇಳಿದೀರಲ್ಲ?

ರಾಜ ನೀರು ಹುಯ್ದ. ಬಯಲಲ್ಲಿ ನಿಂತಿತು, ಬಯಲೋರಿಗೆ ಕೆರೆ. ಘಟ್ಟದಡಿ ನಿಂತಿತು, ಅವರಿಗೂ ಕೆರೆ. ಮರಳುಗಾಡಲ್ಲೂ ಒಂದು ಅಂಗೈಯಷ್ಟು ನಿಂತಿತು, ಅವರಿಗೊಂದು ಪುಟ್ಟ ಹೊಂಡ. ಕೋಳಿಗುಡ್ಡದಿಂದ ಮಾತ್ರ ಸರ್ರನೆ ಜಾರಿಹೋಯ್ತು.

"ಇಷ್ಟೆತ್ತರದ ಊರು ಯಾರದಯ್ಯ?" ಅಂದ ರಾಜ.

"ನಮ್ದೇ ಮಹಾಸ್ವಾಮಿ" ಅಂದ ಬೊಗ್ಗಪ್ಪ, ಎದೆ ಉಬ್ಬಿಸಿ.

"ಅಯ್ಯೋ ಪಾಪ, ಎಂಥಾ ಚಳಿಯೋ ಅಲ್ಲಿ. ಇವರೂರಿಗೆ ನೂರು ಕಂಬಳಿ ಕಳಿಸ್ರಪ್ಪ."

ಕಲ್ಲು ಸಿಡಿಯೋ ಬೇಸಿಗೇಲಿ ನೂರು ಕಂಬಳಿ ಜೊತೆ ಊರಿಗೆ ಬಂದ. ನಾಚಿಕೆಗೆ ತಲೆ ಎತ್ತಲಿಲ್ಲ. ಮಾಳವ್ವ ಕೊಡ ತಂದು ಅವನ ಹೆಗಲ ಮೇಲಿಟ್ಟಳು.

ಒಂದು ಕೊಡ ತಂದ. ಎರಡನೇದು ತಂದ. ಮೂರನೇದಕ್ಕೆ ಅರ್ಧ ಗುಡ್ಡದಲ್ಲಿ ಕುಸಿದು ಕೂತ.

"ಮಾಳಿ, ನನ್ನ ಅಳತೆ ಸರಿಯಾಗೇ ಇತ್ತು ಕಣೇ. ಹಿಮದ ಬೆಟ್ಟಕ್ಕಿಂತ ಇದೇ ಎತ್ತರ."

ಮೇಲಿಂದ ಮಾಳವ್ವ ಅಂದ್ಲು: "ಕೋಳಿ ಹಾರೋ ಗುಡ್ಡ. ಹತ್ತು."

ಅವತ್ತಿಂದ ನಮ್ಮ ವಂಶದಲ್ಲಿ ನೀರು ಹೊರೋರು ಗಂಡಸರೇ. ಇದೋ, ನಾನು ಕೂತಿರೋದು ಆ ನೂರರಲ್ಲಿ ಒಂದು ಕಂಬಳಿ ಮೇಲೆ. ಕಥೆ ಗುಡ್ಡ ಇಳೀತು, ನಾನಿನ್ನೂ ಹತ್ತಬೇಕು. ಏಳ್ರಪ್ಪ, ನಂದೊಂದು ಕೊಡ ಬಾಕಿ ಇದೆ.