ಸುಣ್ಣ ಹೊಡೆದ ಗೋಡೆ

ಅದೇ ಸಾ, ಅದರೆಸ್ರು... ಡಿಜಿ... ಡಿಜಿಟಲ್ ಟು... ಥೂ! ಕೊಳ್ಳೇಗಾಲದಲ್ಲಿ ಬಸ್ಸಿಳಿಯೋಗಂಟ ಬಾಯಿಪಾಠ ಮಾಡ್ಕಂಡು ಬಂದಿದ್ದೆ, ನಿಮ್ಮ ಜಗಲಿ ಅತ್ತುತ್ಲೂವೆ ಮರ್ತೋಯ್ತು ನೋಡಿ. ನಗ್ತೀರಾ? ನಗಿ, ನಗಿ. ರುದ್ರಸ್ವಾಮಿ ಇಂಜಿನಿಯರ್ರು ನಗೋದ ಕಂಡು ಬಾಳ ವರ್ಸ ಆಗಿತ್ತು... ಟ್ವಿನ್ನು! ಆಂ, ಟ್ವಿನ್ನು. ಅವಳಿ ಅಂತೆ. ರೈಲ್ವೆ ಸ್ಟೇಷನ್‌ಗೆ ಒಂದು ಅವಳಿ, ಕಂಪ್ಯೂಟರ್ ಒಳ್ಗೆ.

ಮಾಡೋಳು ಇವ್ಳೇ, ನನ್ನ ಮೊಮ್ಮಗ್ಳು ದೀಪ. ಏ, ಯಾಕ್ ಮಗಾ ನಿಂತ್ಕಂಡಿದ್ದೀಯೆ? ಕೂತ್ಕ, ಕುರ್ಚಿ ಆಕಿರದು ಕೂರಕ್ಕೇಯ. ನಿಮ್ಮ ತಾತ ಇವರ ಮುಂದೆ ಒಂದ್ಸಲವೂ ಕೂತಿದ್ದಿಲ್ಲ. ನೀನು ಕೂತ್ಕ.

ಕಾಫಿ ಬ್ಯಾಡ ಸಾ. ನೀರೂ ಬ್ಯಾಡ. ಹುಬ್ಳಿಯಿಂದ ಮಾಂಬಳ್ಳಿಗಂಟ ಬಂದಿರದು ಕಾಫಿ ಕುಡಿಯಕ್ಕಲ್ಲ.

ಹನೂರಲ್ಲಿ ಉಟ್ಟಿದೋಳು ನಾನು. ಮದ್ವೆ ಆಗಿ ಹುಬ್ಳಿ ರೈಲ್ವೆ ಕ್ವಾರ್ಟರ್ಸ್ ಸೇರಿ ಅಲ್ಲೇ ಬೇರು ಬುಟ್ಟೆ. ನಮ್ಮ ಸೀಮೆಗೆ ರೈಲೇ ಬಂದಿಲ್ಲ, ಆದ್ರೂ ಇಲ್ಲಿಂದ ಇಬ್ರು ರೈಲು ಕೆಲ್ಸಕ್ಕೆ ಸೇರಿದ್ರಿ. ನೀವು ಇಂಜಿನಿಯರ್ರು, ನಮ್ಮನೆಯೋರು ಗ್ಯಾಂಗ್‌ಮನ್ನು. "ನಮ್ಮ ಕಡೆಯೋರು ಕಣಮ್ಮಿ, ಕೈ ಬುಡದಿಲ್ಲ" ಅಂತಿದ್ರು ಪಾಪ. ಬುಡ್ನಿಲ್ಲ ನೀವು... ಮಣ್ಣೊಳಕ್ಕೆ ಓಗೋಗಂಟ ಬುಡ್ನಿಲ್ಲ.

ಇರಿ, ಎದ್ದೇಳ್ಬ್ಯಾಡಿ. ಅವಳಿ ಅಂದ್ನಲ್ಲ, ಅದ್ರ ವಿಷ್ಯ ಕೇಳಿ. ಇವ್ಳು ಮೂರು ಕಾಲಿನ ಮೇಲೆ ಒಂದು ಮಿಷಿನ್ನು ಇಡ್ತಾಳೆ. ಅದು ಸುತ್ತಿ ಸುತ್ತಿ ಬೆಳಕು ಬುಡ್ತದೆ. ಪ್ಲಾಟ್‌ಫಾರಂ, ಸೇತುವೆ, ಸಿಗ್ನಲ್ ಕಂಬ, ಚರಂಡಿ, ಎಲ್ಲಾ ಇದ್ದದ್ದು ಇದ್ದಂಗೇ ಕಂಪ್ಯೂಟರ್‌ಗೆ ಇಳೀತವೆ. ಆಮೇಲೆ ಬೆರಳಲ್ಲಿ ಮುಟ್ಟಿದ್ರೆ ಸಾಕು. ಯಾರು ಕಟ್ಟಿದ್ದು, ಯಾವಾಗ ಕೆಟ್ಟಿದ್ದು, ಯಾಕೆ ಕೆಟ್ಟಿದ್ದು, ಎಲ್ಲಾ ಬರ್ತದೆ. ಇನ್ಮೇಲೆ ರಿಪೇರಿ ಅಂದ್ರೆ ಅದನ್ನ ನೋಡ್ಕಂಡೇ ಮಾಡದಂತೆ.

ನಾನೂ ಮುಟ್ಟಿದೆ ಸಾ. ಸ್ಟೇಷನ್ನಿಂದ ಆಚೆ, ರೈಲು ಓಗಕ್ಕೆ ಗುಡ್ಡ ಸೀಳಿರೋ ತಾವು, ಮಣ್ಣು ಜಾರದಂಗೆ ಕಟ್ಟಿರೋ ಗೋಡೆ. ಗೊತ್ತಾಯ್ತಲ್ಲ ಯಾವ ಗೋಡೆ ಅಂತ?... ಏನ್ ಬಂತು ಅಂದ್ರಿ! ಇವ್ಳು ಮೊದ್ಲು ಓದ್ಲೇ ಇಲ್ಲ. ಗದರಿಸಿದ್ಮೇಲೆ ಓದಿದ್ಲು. "ಗೋಡೆಯ ಅರ್ಧಭಾಗ ಕುಸಿತ. ಕಾರಣ, ಗ್ಯಾಂಗ್‌ಮನ್ ಕುಡಿದು ಬುಡ ಅಗೆದದ್ದು." ನೀವು ಕೊಟ್ಟ ರಿಪೋರ್ಟು! ಕಾಗದ ಅಲ್ವಾ, ಗೆದ್ದಲು ತಿಂದ್ಕತದೆ ಬುಡು ಅಂತಿದ್ದೆ. ಈಗ ಅದು ಸಾಯದೇ ಇಲ್ಲ! ಗೋಡೆ ಮುಟ್ಟಿದೋರ್ಗೆಲ್ಲ ನನ್ನ ಗಂಡ ಕುಡುಕ. ಬೀಡಿ ಸೇದ್ದೋರಲ್ಲ ಸಾ ಅವರು, ಮಲೆ ಮಾದಪ್ಪನ ಒಕ್ಲು... ಕುಡುಕ!

ಏನು? ಅಳೇದು ಬುಡಮ್ಮ ಅಂದ್ರಾ?

ಅಳೇದೇಯ. ದೊಡ್ಡ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ ಅಂದ್ರೆ ನಿಮ್ಗೆ ಮೈಮೇಲೆ ದೇವರು ಬಂದಂಗೆ. ಕಲ್ಲಿಗೆ ಸುಣ್ಣ, ಮರದ ಬುಡಕ್ಕೆ ಸುಣ್ಣ, ಮಲಗಿದ್ದ ನಾಯಿಗೊಂದು ಬಳೀನಿಲ್ಲ! ಆ ಗೋಡೇಲಿ ತೂತು ಇದ್ವಲ್ಲ, ಒಳಗಿನ ನೀರು ಆಚೆ ಬರಕ್ಕೆ ಬುಟ್ಟಿದ್ದವು. ಅವುಗ್ಳಿಂದ ನೀರಿಳಿದು ಗೋಡೆ ಮೇಲೆಲ್ಲಾ ಕೆಂಚು ಕರೆ. ಸಾಹೇಬ್ರ ಕಣ್ಗೆ ಬೀಳಬಾರ್ದು ಅಂತ ತೂತಿಗೆಲ್ಲ ಸಿಮೆಂಟು ಮೆತ್ಸಿ ಸುಣ್ಣ ಒಡೆಸಿದ್ರಿ. ನಮ್ಮನೆಯೋರು ಮನೆಗ್ ಬಂದು ಕೈ ತೊಳೀತಾ ಅಂದ್ರು, "ಗೋಡೆ ಉಸ್ರು ಕಟ್ಬುಟ್ವಿ ಕಣಮ್ಮಿ." ಸಾಹೇಬ್ರು ರೈಲಿನ ಕಿಟಕೀಲಿ ಒಂದ್ಸಲ ನೋಡಿದ್ರು, ಒಂಟೋದ್ರು. ನಿಮ್ಗೆ ಹಾರ ಬಿತ್ತು. ಮಳೆಗಾಲ ಬಂತು... ಒಳಗಿನ ನೀರು ಎಲ್ಲಿಗೋದಾತು ಸಾ? ಗೋಡೆ ಒಟ್ಟೆ ಬುಟ್ಟು ಕುಸ್ದೋಯ್ತು. ಕೆಳಗೆ ಚರಂಡಿ ಬುಡಿಸ್ತಾ ನಿಂತಿದ್ದೋರು ನಮ್ಮನೆಯೋರು.

ಆವಾಗ ನಾನು ಯೋಳಿದ್ರೆ ಯಾರು ಕೇಳ್ತಿದ್ರು? ಗಂಡ ಸತ್ತೋಳ ಗೋಳು ಅಂದ್ರು. ಈಗ ಅಂಗಲ್ಲ! ಉಳಿದಿರೋ ಅರ್ಧ ಗೋಡೆ ಅದೆಯಲ್ಲ, ಅದರ ಒಟ್ಟೇಲಿರೋದೆಲ್ಲ ಮಿಷಿನ್ನಿಗೆ ಸಿಕ್ಬುಟ್ಟದೆ. ಸುಣ್ಣದ ಹಿಂದ್ಗಡೆ ಸಿಮೆಂಟು, ಸಿಮೆಂಟಿನ ಹಿಂದ್ಗಡೆ ತೂತು, ತೂತಿನ ಹಿಂದ್ಗಡೆ ನೀರು... ಎಕ್ಸ್‌ರೇಲಿ ಮೂಳೆ ಕಂಡಂಗೆ ಕಾಣ್ತವೆ. ಮೇಲಿನೋರು ಕೇಳ್ತಾವ್ರೆ, ಯಾರಪ್ಪ ಇದ ಮುಚ್ಚಿಸಿದೋನು ಅಂತ.

ಯಾಕ್ ಸಾ, ಬೆವರ್ತಿದ್ದೀರಿ? ಫ್ಯಾನು ಜೋರ್ ಮಾಡ್ಲಾ?

ದೀಪಾ, ನನ್ನ ಸೀರೆ ಯಾಕ್ ಜಗ್ತೀಯೆ? ಸುಮ್ಕಿರು. ಯೋಳ್ತೀನಿ ಇರು, ಅದ್ನೂ ಯೋಳ್ತೀನಿ.

ಮಾತಾಡಿ ಸಾ. "ನಾನು ಮುಚ್ಚಿಸ್ನಿಲ್ಲ" ಅನ್ನಿ... ಒಂದೇ ಮಾತು. ಅನ್ನಿ... ನೆಲ ಯಾಕ್ ನೋಡ್ತೀರಿ? ಇತ್ಲಾಗ್ ನೋಡಿ.

...

ಊಂ. ಸಾಕು ಬುಡಿ.

ಸುಳ್ಳು ಯೋಳಿದೆ ಸಾ ನಾನು. ಆ ಬೆಳಕು ಗೋಡೆ ಮೈ ಮುಟ್ಟಿ ವಾಪಸ್ ಬರ್ತದೆ, ಅಷ್ಟೇಯ. ಸುಣ್ಣದ ಹಿಂದ್ಗಡೆ ಆನೆ ಕಟ್ಟಿದ್ರೂ ಅದಕ್ಕೆ ಕಾಣದಿಲ್ಲ. ಮೇಲಿನೋರೂ ಯಾರೂ ಏನೂ ಕೇಳಿಲ್ಲ. "ಸುಮ್ಸುಮ್ನೆ ತಿದ್ದಕ್ಕಾಗಲ್ಲ ಅಜ್ಜಿ, ಮಾಡ್ಸಿದೋರು ಒಪ್ಕಬೇಕು" ಅಂತ ಇವ್ಳೇ ಕೈ ಚೆಲ್ಲಿದ್ಲು. ನೀವು ಇಂಜಿನಿಯರ್ ಓದಿದೋರು, ಬೆಳಕು ಗೋಡೆ ತೂರದಿಲ್ಲ ಅಂತ ನಿಮ್ಗೆ ಯಾರಾದ್ರೂ ಯೋಳಿಕೊಡ್ಬೇಕಾ? ನನ್ನ ನಾಲ್ಗೆ ತೊದಲಿದ್ದಕ್ಕೇ ನಕ್ಕೋರು, ಈ ಮಾತಿಗೆ ಒಟ್ಟೆ ಇಡ್ಕಂಡು ನಗ್ಬೇಕಿತ್ತಲ್ಲ! "ಅಯ್ಯೋ ಪೆದ್ದಿ, ಅಂಗೆಲ್ಲ ಕಾಣಕ್ಕಾದದಾ" ಅನ್ಬೇಕಿತ್ತಲ್ಲ! ಮುಚ್ಚಿಸದೆ ಇದ್ದೋನು ನಗ್ತಿದ್ದ ಸಾ.

ನೀವು ನಗ್ನಿಲ್ಲ.

ಎಲ್ಗೋಯ್ತೀರಿ? ನಿಮ್ಮನೆ ಇದೇ ಅಲ್ವಾ, ಕೂತ್ಕಳಿ. ನೀವೂ ಕೇಳಿಸ್ಕಳಿ.

ದೀಪಾ, ಆ ಕಂಪ್ಯೂಟರ್ ತೆಗಿ. ಗೋಡೆ ಮುಟ್ಟು... ಆಂ, ಅಲ್ಲೇಯ. ಬರ್ಕ ಮಗಾ. ಸುಣ್ಣ, ಸಿಮೆಂಟು ಕೆತ್ತಿ ನೋಡ್ಬೇಕು, ಅಲ್ಲಿಗಂಟ ಆ ಗೋಡೆ ಬುಡದಲ್ಲಿ ಯಾರೂ ಗುದ್ದಲಿ ಇಡ್ಕಂಡು ನಿಲ್ಬಾರ್ದು. ಮುಚ್ಚಿಸಿದೋನು ರುದ್ರಸ್ವಾಮಿ. ಮಕಕ್ಕೆ ಮಕ ಕೊಟ್ಟು ಕೇಳಿದ್ದಕ್ಕೆ ಇಲ್ಲ ಅನ್ನನಿಲ್ಲ. ಎಸ್ರಿನ ಮುಂದೆ ಶ್ರೀ ಆಕ್ಬ್ಯಾಡ.