ಒಳಗಿರುವವರು ಎಷ್ಟು ಜನ

ಮತ್ತೆ ಬಾಯಿ ಹಾಕಿದೆಯಾ? ಒಂದು ಮಾತು ನೆಟ್ಟಗೆ ಮುಗಿಸೋಕೆ ಬಿಡಲ್ಲ ನೀನು. ಸುಮ್ಮನೆ ಮಲಗಿ ಕೇಳು. ದೆವ್ವ ಅಂದರೆ ರಾತ್ರಿಯೇ ಬರಬೇಕಾ? ಇದು ಹಾಡಹಗಲೇ ನಡೆದದ್ದು... ನಿನ್ನ ಚಿಕ್ಕಮ್ಮನ ಕಣ್ಣೆದುರಿಗೇ.

ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರಿಗೂ ಊರಿಗೆ ನೀರು ಬಿಡುವ ಟ್ಯಾಂಕಿನಲ್ಲಿ ಕೆಲಸ. ಚಿಕ್ಕಪ್ಪ ಒಳಗಿಳಿದು ತೊಳೆಯುತ್ತಾರೆ, ಅವಳು ಮೇಲೆ ಕಂಪ್ಯೂಟರ್ ಮುಂದೆ. ಅದರಲ್ಲೊಂದು ಚೌಕ, 'ಒಳಗಿರುವವರು' ಅಂತ. ಅಲ್ಲಿ ಏನು ಬರೆದರೂ ಆ ಕಂಪ್ಯೂಟರ್ ಬರೀ ಬರಹ ಅಂತ ಬಿಡುವುದಿಲ್ಲ, ಲೆಕ್ಕ ಅಂತಲೇ ಓದುತ್ತದೆ. ಮೂವರು ಇಳಿದು ಒಬ್ಬ ಹತ್ತಿ ಬಂದನೋ, '3-1' ಅಂತ ಒತ್ತಿದರೆ ಸಾಕು, ಎರಡು ಅಂತ ತಾನೇ ತಿಳಿದುಕೊಳ್ಳುತ್ತದೆ. ಸೊನ್ನೆ ಬಂತೋ... ಯಾರನ್ನೂ ಕೇಳದೆ ಟ್ಯಾಂಕಿನೊಳಕ್ಕೆ ನೀರು ಬಿಡುತ್ತದೆ.

ಚಿಕ್ಕಪ್ಪ ಒಮ್ಮೆ ತಮಾಷೆಗೆ '1+ಹೆಂಡತಿ' ಅಂತ ಒತ್ತಿದ್ದರು. 'ಹೆಂಡತಿ: ಗೊತ್ತಿಲ್ಲ' ಅಂತು ಅದು.

"ನೋಡೇ, ನಿನ್ನ ಬೆಲೆ ಇದಕ್ಕೂ ಗೊತ್ತಿಲ್ಲ!"

"ಗಂಡ ಅಂತ ಹಾಕಿ ನೋಡಿ, ಸೊನ್ನೆ ಅನ್ನುತ್ತೆ."

ಅವತ್ತು ಚಿಕ್ಕಪ್ಪ ಒಬ್ಬರೇ ಇಳಿದಿದ್ದರು. ಅವಳು '1' ಒತ್ತಿದಳು. ಕೆಳಗಿನಿಂದ ಪೊರಕೆಯ ಸದ್ದು... ಸರಕ್... ಸರಕ್...

ಟಕ್.

ಕೀಬೋರ್ಡಿನ ಸದ್ದು. ಅವಳ ಕೈ ಮಡಿಲಲ್ಲೇ ಇತ್ತು.

ಟಕ್... ಟಕ್. ಒಂದರ ಪಕ್ಕದಲ್ಲಿ ಕಳೆಯುವ ಗೆರೆ ಬಂತು. ಆಮೇಲೆ ಅಕ್ಷರ. '1-ಮೀಸೆ'.

ಮೀಸೆ ಅಂದರೆ ಚಿಕ್ಕಪ್ಪನಿಗಿಂತ ಮೊದಲು ಆ ಟ್ಯಾಂಕ್ ತೊಳೆಯುತ್ತಿದ್ದವನು. ಅದರೊಳಗೇ ಮುಳುಗಿ ಸತ್ತವನು. 'ಗೊತ್ತಿಲ್ಲ' ಅನ್ನುತ್ತೆ ಅಂತ ಅವಳು ಕಾದಳು... ಬಂದದ್ದು ಸೊನ್ನೆ.

ಕೊಳವೆ ಗೊರಗೊರ ಅಂತು. ಅಳಿಸಿದಳು, '1' ಒತ್ತಿದಳು. ಟಕ್, ಟಕ್... ಮತ್ತೆ ಅದೇ. ವೈರು ಕಿತ್ತಳು. ಪರದೆ ಕಪ್ಪಾಯಿತು, ನೀರು ಮಾತ್ರ ನಿಲ್ಲಲಿಲ್ಲ. ಓಡಿ ಟ್ಯಾಂಕಿನ ಬಾಯಿ ಬಳಿ ಬಗ್ಗಿದಳು. ಅಲ್ಲಿಂದಲೇ ಕೂಗಿದಳು. "ರೀ... ಹತ್ತಿ ಬನ್ನಿ... ರೀ!"

ಎದೆಮಟ್ಟ ನೀರಿನಿಂದ ಏಣಿ ಹಿಡಿದು ಬಂದರು. ಪಿಸುಗುಟ್ಟಿದರು.

"ಸೊನ್ನೆ ಒತ್ತಿದ್ಯಾ?"

"ನಾನಲ್ಲ ರೀ..."

"ಮತ್ತಿನ್ಯಾರು?"

ಕಂಪ್ಯೂಟರಿಗೆ ಆ ಲೆಕ್ಕ ಬರೆದುಕೊಟ್ಟವನೇ ಬಂದು ಎಲ್ಲ ಜಾಲಾಡಿದ. ಅದಕ್ಕೆ ಆ ಹೆಸರು ಯಾರೂ ಕಲಿಸಿಲ್ಲ ಅಂದ. ಕಲಿಸದ ಹೆಸರಿಗೆ ಅದು ಬೆಲೆ ಕಟ್ಟೋದೇ ಇಲ್ಲವಂತೆ. ಬೇಕಾದರೆ ನೋಡಿ ಅಂತ ಆ ಚೌಕದಲ್ಲಿ 'ಮೀಸೆ' ಅಂತಷ್ಟೇ ಒತ್ತಿದ.

'ಒಳಗಿರುವವರು: 1' ಅಂತ ಬಂತು.

ಸುಳ್ಳಲ್ಲ ಕಣೇ. ಇವತ್ತಿಗೂ ಒತ್ತಿದರೆ ಒಂದು ಅನ್ನುತ್ತೆ, ಚಿಕ್ಕಮ್ಮನನ್ನೇ ಕೇಳು.

ಮಗಳು ಹೊದಿಕೆಯಿಂದ ತಲೆ ಹೊರಗೆ ಹಾಕಿದಳು.

"ಅಮ್ಮಾ... ನಮ್ಮ ನಲ್ಲೀಲಿ ಬರೋದು ಆ ಟ್ಯಾಂಕಿನ ನೀರೇನಾ?"